ಮೇಲಂತಸ್ತಿನ ಬಿಡಾರಕ್ಕೂ ರಸ್ತೆ ಶುಲ್ಕ ಬೇಕೇ?

ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಓದಲೆಂದೋ ಕೆಲಸಕ್ಕೆಂದೋ ಬಂದವರಲ್ಲಿ ಹೆಚ್ಚಿನವರು ಉಳಿಯುವುದು ಅಪಾರ್ಟ್‌ಮೆಂಟಿನಲ್ಲಲ್ಲ. ಯಾರದೋ ಮನೆಯ ಮೇಲಂತಸ್ತು, ಇಲ್ಲವೇ ಹಿತ್ತಿಲ ಕಡೆ ಕಟ್ಟಿಸಿದ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ನಮ್ಮ ಕಡೆ ಇದನ್ನು ಬಿಡಾರ ಎನ್ನುತ್ತೇವೆ. ಮಾಲೀಕರಿಗೆ ತಿಂಗಳಿಗೆ ನಾಲ್ಕು ಕಾಸು, ನಮ್ಮಂಥವರಿಗೆ ಕೈಗೆಟಕುವ ಬಾಡಿಗೆ. ಇಂಥ ಎರಡನೇ ಮನೆ ಕಟ್ಟಲು ಪರವಾನಗಿ ಕೇಳಿದಾಗ 'ನಿಮ್ಮ ಬಾಡಿಗೆದಾರರಿಂದ ರಸ್ತೆಯಲ್ಲಿ ವಾಹನ ಹೆಚ್ಚುತ್ತದೆ, ಅದಕ್ಕೆ ಶುಲ್ಕ ಕಟ್ಟಿ' ಎಂದರೆ ಸರಿಯೇ? ಅಮೆರಿಕದ ಊರುಗಳಲ್ಲಿ ಈ ಪ್ರಶ್ನೆ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಅಲ್ಲಿ ಇದಕ್ಕೆ ಟ್ರಾಫಿಕ್ ಇಂಪ್ಯಾಕ್ಟ್ ಫೀ ಎಂಬ ಹೆಸರು. ಹೊಸ ಕಟ್ಟಡದಿಂದ ರಸ್ತೆಯ ಮೇಲೆ ಬೀಳುವ ಹೊರೆಗೆ ಕಟ್ಟುವವರೇ ಬೆಲೆ ತೆರಬೇಕು ಎಂಬುದು ಅದರ ಹಿಂದಿನ ತರ್ಕ.

ನಮ್ಮ ಪಟ್ಟಣಗಳಲ್ಲಿ ಈ ಹೆಸರಿನ ಶುಲ್ಕ ಇಲ್ಲ. ಹಾಗೆಂದು ಇದು ದೂರದ ಮಾತೂ ಅಲ್ಲ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18-ಎ ಕಲಮಿನಲ್ಲಿ ಇದರ ಬೀಜ ಆಗಲೇ ಇದೆ. ಅಭಿವೃದ್ಧಿಗೆ ಅನುಮತಿ ಕೊಡುವಾಗ ನೀರು ಸರಬರಾಜು, ಕೊಳೆಗೇರಿ ಸುಧಾರಣೆ, ವರ್ತುಲ ರಸ್ತೆ, ಸಮೂಹ ಸಾರಿಗೆಯ ಹೆಸರಿನಲ್ಲಿ ಕರ ಮತ್ತು ಮೇಲ್ತೆರಿಗೆ ವಸೂಲಿ ಮಾಡಲು ಯೋಜನಾ ಪ್ರಾಧಿಕಾರಗಳಿಗೆ ಅದು ಅಧಿಕಾರ ನೀಡುತ್ತದೆ. ನೆರೆಯ ಹೈದರಾಬಾದಿನಲ್ಲಿ ಎತ್ತರದ ಕಟ್ಟಡಗಳಿಗೆ ಇಂಪ್ಯಾಕ್ಟ್ ಫೀ ಎಂಬ ಹೆಸರಿನಲ್ಲೇ ಶುಲ್ಕವಿದೆ. ಸ್ವಂತ ಆದಾಯಕ್ಕೆ ಒದ್ದಾಡುವ ನಗರಸಭೆ, ಪಟ್ಟಣ ಪಂಚಾಯತಿಗಳ ಕಣ್ಣು ನಾಳೆ ಇಂಥ ಶುಲ್ಕದ ಮೇಲೆ ಬೀಳಬಹುದು. ಆದ್ದರಿಂದ ಈಗಲೇ ಯೋಚಿಸುವುದು ಒಳ್ಳೆಯದು.

ಮೊದಲು ಅಮೆರಿಕದ ಒಂದು ಪ್ರಕರಣ ನೋಡೋಣ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಜಾರ್ಜ್ ಶೀಟ್ಸ್ ಎಂಬವರು ತಮ್ಮದೇ ಜಾಗದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಒಂದು ಮನೆ ಇಡಲು ಅನುಮತಿ ಕೇಳಿದರು. ಟ್ರಾಫಿಕ್ ಶುಲ್ಕವೆಂದು ಆಡಳಿತ ಕೇಳಿದ್ದು 23,420 ಡಾಲರ್. 2024ರ ವಿನಿಮಯ ದರದಲ್ಲಿ ಇದು 19 ಲಕ್ಷ ರೂಪಾಯಿಗೂ ಹೆಚ್ಚು. ಆ ಒಂದು ಮನೆಯಿಂದ ಎಷ್ಟು ವಾಹನ ಹೆಚ್ಚುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ದರಪಟ್ಟಿಯಲ್ಲಿ ಇದ್ದುದನ್ನು ಕೇಳಿದರು, ಅಷ್ಟೇ. ಶೀಟ್ಸ್ ಹಣ ಕಟ್ಟಿ ನ್ಯಾಯಾಲಯಕ್ಕೆ ಹೋದರು. 2024ರ ಏಪ್ರಿಲ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ನೀಡಿತು. ಶಾಸನಸಭೆ ನಿಗದಿ ಮಾಡಿದ ಶುಲ್ಕ ಎಂಬ ಕಾರಣಕ್ಕೆ ಅದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಆ ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳಿವೆ. ಶುಲ್ಕಕ್ಕೂ ಕಟ್ಟಡದ ಪರಿಣಾಮಕ್ಕೂ ನೇರ ಸಂಬಂಧ ಇದೆಯೇ? ಮೊತ್ತ ಆ ಪರಿಣಾಮಕ್ಕೆ ಹೆಚ್ಚುಕಡಿಮೆ ಅನುಗುಣವಾಗಿದೆಯೇ? ಶುಲ್ಕವೇ ತಪ್ಪು ಎಂದು ಕೋರ್ಟ್ ಹೇಳಲಿಲ್ಲ. ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.

ಎರಡನೇ ಮನೆಗಳ ವಿಷಯದಲ್ಲಿ ಅದೇ ರಾಜ್ಯ ಇನ್ನೂ ಸ್ಪಷ್ಟವಾದ ದಾರಿ ಹಿಡಿದಿದೆ. 2020ರ ಜನವರಿಯಿಂದ ಅಲ್ಲಿ 750 ಚದರ ಅಡಿಗಿಂತ ಚಿಕ್ಕ ಎರಡನೇ ಮನೆಗೆ ಸ್ಥಳೀಯ ಆಡಳಿತ ಇಂಪ್ಯಾಕ್ಟ್ ಫೀ ಹಾಕುವಂತಿಲ್ಲ. ಅದಕ್ಕಿಂತ ದೊಡ್ಡದಾದರೆ ಮುಖ್ಯ ಮನೆಯ ವಿಸ್ತೀರ್ಣಕ್ಕೆ ಹೋಲಿಸಿ ಪಾಲಿನ ಪ್ರಕಾರ ಮಾತ್ರ. ಮನೆಗಳ ಕೊರತೆ ಮಿತಿಮೀರಿದಾಗ, ಚಿಕ್ಕ ಬಿಡಾರಕ್ಕೂ ದೊಡ್ಡ ಬಂಗಲೆಗೂ ಒಂದೇ ತಕ್ಕಡಿ ಸಲ್ಲದು ಎಂದು ಅವರಿಗೆ ಮನವರಿಕೆಯಾಯಿತು.

ಈ ನ್ಯಾಯ ನಮಗೂ ಹೊಸದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ 1954ರ ಶಿರೂರು ಮಠದ ಪ್ರಕರಣ ಗೊತ್ತಿರುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಆದರೆ ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟ್ ವಿವರಿಸಿದ್ದೂ ಉಡುಪಿಯ ಆ ಮಠದ ಪ್ರಕರಣದಲ್ಲೇ. ತೆರಿಗೆ ಎಲ್ಲರ ಸಾಮಾನ್ಯ ಖರ್ಚಿಗೆ. ಶುಲ್ಕ ಎಂದರೆ ಒಂದು ಸೇವೆಗೆ ಪ್ರತಿಯಾಗಿ ತೆಗೆದುಕೊಳ್ಳುವ ಹಣ. ರೂಪಾಯಿಗೆ ರೂಪಾಯಿ ಲೆಕ್ಕ ಕೂಡಬೇಕಿಲ್ಲ ಎಂದು ಮುಂದಿನ ತೀರ್ಪುಗಳು ಸಡಿಲಿಸಿದರೂ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಂಬಂಧ ಇರಬೇಕು ಎಂಬ ಮಾತು ಉಳಿದಿದೆ.

ಹಾಗಾದರೆ ಒಂದು ಬಿಡಾರದಿಂದ ರಸ್ತೆಗೆ ಎಷ್ಟು ಹೊರೆ? ನಾನು ಬಿಇ ಸಿವಿಲ್ ವಿದ್ಯಾರ್ಥಿ. ನಮ್ಮ ಪಠ್ಯದಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುವ ಒಂದು ಅಳತೆ ಇದೆ, ಅದೇ ಪಿಸಿಯು. ನಗರ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಕೋಷ್ಟಕದಂತೆ ಕಾರು 1 ಆದರೆ, ದ್ವಿಚಕ್ರ ವಾಹನಗಳು ಹೆಚ್ಚಿರುವ ರಸ್ತೆಯಲ್ಲಿ ಒಂದು ಸ್ಕೂಟರ್ 0.75. ಬಸ್ಸು, ಲಾರಿಗಳ ಪಾಲು ಹೆಚ್ಚಿದ್ದಲ್ಲಿ ಒಂದೊಂದೂ 3.7.

ಈಗ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಮೇಲಂತಸ್ತಿನ ಬಾಡಿಗೆದಾರರ ಬಳಿ ಒಂದು ಸ್ಕೂಟರ್ ಇದೆ. ದಿನಕ್ಕೆ ಎರಡು ಬಾರಿ ಹೋಗಿ ಬರುತ್ತಾರೆ. ನಾಲ್ಕು ಓಡಾಟಕ್ಕೆ ಒಟ್ಟು 3 ಪಿಸಿಯು. ಅದೇ ರಸ್ತೆಯ ಕಲ್ಯಾಣ ಮಂಟಪಕ್ಕೆ ಒಂದು ಮದುವೆಯ ದಿನ 100 ಕಾರು, 5 ಬಸ್ಸು ಬಂದು ಹೋದರೆ 237 ಪಿಸಿಯು. ಅಂದರೆ ಒಂದು ಮದುವೆ 79 ಬಿಡಾರಗಳಿಗೆ ಸಮ, ಅದೂ ಕೆಲವೇ ಗಂಟೆಗಳಲ್ಲಿ. ಹೀಗಿರುವಾಗ ಎಷ್ಟು ಮನೆ ಕಟ್ಟಿದಿರಿ ಎಂದು ಎಣಿಸಿ ಶುಲ್ಕ ಹಾಕಿದರೆ ಹೊರೆ ಹೊರಿಸಿದವರು ಬೇರೆ, ದುಡ್ಡು ಕಟ್ಟುವವರು ಬೇರೆ ಆಗುತ್ತಾರೆ. ಹೊರಗಿನ ದರಪಟ್ಟಿಯನ್ನು ತಂದು ಹಾಕುವುದೂ ಅಪಾಯ. ಅಮೆರಿಕದ ಕೈಪಿಡಿಯೊಂದರಲ್ಲಿ ಒಂದು ಸ್ವತಂತ್ರ ಮನೆಗೆ ದಿನಕ್ಕೆ ಸುಮಾರು 9.4 ವಾಹನ ಓಡಾಟ ಎಂದಿದೆ. ಅದು ಹಾಲಿಗೂ ಕಾರಿನಲ್ಲೇ ಹೋಗುವ ಬಡಾವಣೆಗಳ ಲೆಕ್ಕ.

ನಮ್ಮ ಮೂರು ಪಟ್ಟಣಗಳ ದಟ್ಟಣೆಯ ಕಾರಣಗಳೂ ಬೇರೆ ಬೇರೆ. ಯಲ್ಲಾಪುರದಲ್ಲಿ ಹುಬ್ಬಳ್ಳಿ ಮತ್ತು ಅಂಕೋಲಾ ನಡುವೆ ಓಡುವ ರಾಷ್ಟ್ರೀಯ ಹೆದ್ದಾರಿಯ ಲಾರಿಗಳದ್ದೇ ಸಿಂಹಪಾಲು. ಶಿರಸಿಯಲ್ಲಿ ಐದು ರಸ್ತೆ, ದೇವಿಕೆರೆ ಸುತ್ತ ಸಿಕ್ಕಿಹಾಕಿಕೊಳ್ಳುವುದು ಪೇಟೆಯ ವ್ಯಾಪಾರ, ಅಡಿಕೆ ವಹಿವಾಟು, ಬಸ್ಸುಗಳು ಮತ್ತು ಪಾರ್ಕಿಂಗ್ ಜಾಗವಿಲ್ಲದ ವಾಣಿಜ್ಯ ಕಟ್ಟಡಗಳಿಂದ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಜನಸಾಗರದ ಮಾತೇ ಬೇರೆ. ಸಿದ್ದಾಪುರಕ್ಕೆ ಮಳೆಗಾಲದ ವಾರಾಂತ್ಯದಲ್ಲಿ ಜೋಗದ ಕಡೆ ಹೋಗುವ ಕಾರುಗಳ ಹೊರೆ. ಈ ಯಾವುದಕ್ಕೂ ಹಿತ್ತಿಲ ಎರಡು ಕೋಣೆ ಕಾರಣವಲ್ಲ.

ಬಿಡಾರ ಹೆಚ್ಚಿದರೆ ಓಡಾಟ ಕಡಿಮೆಯಾಗುವ ಸಾಧ್ಯತೆಯೂ ಇದೆ. ಸಿದ್ದಾಪುರದಿಂದ ಶಿರಸಿಗೆ 35 ಕಿ.ಮೀ.ಗೂ ಹೆಚ್ಚು, ಯಲ್ಲಾಪುರದಿಂದ ಸುಮಾರು 50 ಕಿ.ಮೀ. ದೂರ. ದಿನವೂ ಬೈಕಿನಲ್ಲಿ ಅಷ್ಟು ದೂರ ಬಂದು ಹೋಗುವವರಿಗೆ ಪೇಟೆಯಲ್ಲೇ ಕಡಿಮೆ ಬಾಡಿಗೆಯ ಕೋಣೆ ಸಿಕ್ಕರೆ ನಡೆದೇ ಕೆಲಸಕ್ಕೆ ಹೋಗುತ್ತಾರೆ. ಜಿಲ್ಲೆಯ ನೂರಕ್ಕೆ ಎಂಬತ್ತರಷ್ಟು ನೆಲ ಕಾಡು. ಹೊಸ ಬಡಾವಣೆಗೆ ಗದ್ದೆಯನ್ನೋ ಗುಡ್ಡವನ್ನೋ ಅಗೆಯುವುದಕ್ಕಿಂತ ಇರುವ ಮನೆಯ ಮೇಲೆ ಒಂದಂತಸ್ತು ಏರಿಸುವುದು ಲೇಸಲ್ಲವೇ?

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಓಣಿ ಇರುವುದು ಹತ್ತಡಿ, ಮೇಲಿನವರ ಎರಡು ಬೈಕು ಚರಂಡಿಯ ಮೇಲೆ ನಿಂತಿರುತ್ತವೆ, ಆಂಬುಲೆನ್ಸ್ ಬಂದರೆ ತಿರುಗಲು ಜಾಗವಿಲ್ಲ ಎಂಬ ನೆರೆಯವರ ದೂರು ಸುಳ್ಳಲ್ಲ. ಇದಕ್ಕೆ ಮದ್ದು ಶುಲ್ಕವಲ್ಲ. ವಾಹನ ನಿಲ್ಲಿಸಲು ತಮ್ಮ ಅಂಗಳದಲ್ಲೇ ಜಾಗ ತೋರಿಸಬೇಕು ಎಂಬ ಷರತ್ತು ಸಾಕು. ಇನ್ನು ಮಾಗೋಡು, ಸಾತೊಡ್ಡಿ, ಉಂಚಳ್ಳಿಯ ದಾರಿಗಳಲ್ಲಿ ಅದೇ ಎರಡನೇ ಮನೆ ಹೋಂಸ್ಟೇ ಆದಾಗ ಪರಿಸ್ಥಿತಿ ಬೇರೆ. ಅಲ್ಲಿ ಪ್ರತಿ ಕೋಣೆಗೂ ಒಂದು ಕಾರು, ರಸ್ತೆ ಮಾತ್ರ ಗ್ರಾಮ ಪಂಚಾಯತಿಯದು. ಅಂಥಲ್ಲಿ ಗಳಿಕೆಯ ಒಂದು ಪಾಲು ರಸ್ತೆಗೆ ಸಲ್ಲಬೇಕು ಎಂದರೆ ನಾನು ಒಪ್ಪುತ್ತೇನೆ. ಗೋಡೆ ಒಂದೇ ಇದ್ದರೂ ಬಳಕೆ ಬೇರೆ. ಲೆಕ್ಕ ಬಳಕೆಗೆ ತಕ್ಕಂತೆ ಆಗಬೇಕು.

ಇನ್ನೊಂದು ಅನುಮಾನ, ಹಣ ಎಲ್ಲಿಗೆ ಹೋಗುತ್ತದೆ ಎಂಬುದು. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ವಸೂಲಿ ಮಾಡಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಟ್ಟಿಲ್ಲ ಎಂಬ ಸುದ್ದಿ ರಾಜ್ಯದಲ್ಲಿ ಪದೇ ಪದೇ ಬರುತ್ತದೆ. ಪರೀಕ್ಷೆಗೆ ಓದಲು ಅಲ್ಲಿ ಕುರ್ಚಿ ಹುಡುಕುವವರಿಗೆ ಇದರ ಬಿಸಿ ಗೊತ್ತು. ಪುಸ್ತಕದ ಹಣ ಪುಸ್ತಕಕ್ಕೆ ತಲುಪದಿದ್ದರೆ ರಸ್ತೆಯ ಹಣ ರಸ್ತೆಗೆ ತಲುಪುತ್ತದೆ ಎಂದು ನಂಬುವುದು ಹೇಗೆ?

ಶುಲ್ಕ ಏರಿದರೆ ಕೊನೆಗೆ ಪೆಟ್ಟು ಬೀಳುವುದು ಬಾಡಿಗೆದಾರರಿಗೆ. ಮಾಲೀಕರು ಒಂದು ಲಕ್ಷ ರೂಪಾಯಿ ಶುಲ್ಕ ಕಟ್ಟಿದರು ಎನ್ನಿ. ಐದು ವರ್ಷದಲ್ಲಿ ಅದನ್ನು ವಾಪಸು ಪಡೆಯಲು ತಿಂಗಳ ಬಾಡಿಗೆಗೆ ಸುಮಾರು 1,670 ರೂಪಾಯಿ ಸೇರಿಸಬೇಕು. ಮೊದಲ ಕೆಲಸ ಹುಡುಕುತ್ತಿರುವವರಿಗೆ ಅದು ಒಂದು ವಾರದ ಊಟ, ಒಂದು ಸಂದರ್ಶನದ ಬಸ್ ಖರ್ಚು. ಇಲ್ಲವೇ ಮಾಲೀಕರು ಪರವಾನಗಿಯ ಗೊಡವೆಯೇ ಬೇಡವೆಂದು ಸದ್ದಿಲ್ಲದೆ ಕಟ್ಟುತ್ತಾರೆ. ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡಲು 2025ರ ಫೆಬ್ರವರಿಯಲ್ಲಿ ಸರ್ಕಾರ ರಾಜ್ಯದಾದ್ಯಂತ ಅಭಿಯಾನವನ್ನೇ ನಡೆಸಬೇಕಾಯಿತು. ನಿಯಮದ ದಾರಿ ದುಬಾರಿಯೂ ಸುತ್ತುಬಳಸೂ ಆದಾಗ ಜನ ಅಡ್ಡದಾರಿ ಹಿಡಿಯುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಮ್ಮ ಪಟ್ಟಣಗಳಲ್ಲಿ ಮುಂದೆ ಇಂಥ ಶುಲ್ಕ ಬರುವುದಾದರೆ ನಾಲ್ಕು ಮಾತು ಅದರಲ್ಲೇ ಬರೆದಿರಲಿ. ಮಾಲೀಕರು ತಾವೂ ಅಲ್ಲೇ ವಾಸವಿದ್ದು ತಿಂಗಳ ಬಾಡಿಗೆಗೆ ಕೊಡುವ ಚಿಕ್ಕ ಬಿಡಾರಕ್ಕೆ ಪೂರ್ತಿ ವಿನಾಯಿತಿ ಸಿಗಲಿ. ಕಲ್ಯಾಣ ಮಂಟಪ, ವಾಣಿಜ್ಯ ಸಂಕೀರ್ಣ, ವಸತಿಗೃಹ, ಹೋಂಸ್ಟೇಗಳಿಗೆ ವಾಹನಗಳ ಓಡಾಟ ಎಣಿಸಿ ಶುಲ್ಕ ಹಾಕಲಿ. ಆ ಹಣಕ್ಕೆ ಪ್ರತ್ಯೇಕ ಖಾತೆ ಇರಲಿ. ಯಾವ ವಾರ್ಡಿನ ಯಾವ ರಸ್ತೆಗೆ ಎಷ್ಟು ಹೋಯಿತು ಎಂಬುದನ್ನು ವರ್ಷಕ್ಕೊಮ್ಮೆ ಕಚೇರಿಯ ಫಲಕದಲ್ಲಿ ಹಾಕಲಿ. ನಿಗದಿತ ವರ್ಷಗಳೊಳಗೆ ಖರ್ಚಾಗದಿದ್ದರೆ ಕಟ್ಟಿದವರಿಗೆ ಹಿಂತಿರುಗಿಸಲಿ.

ವಾಹನ ಎಣಿಸುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಪೆನ್ನು, ಒಂದು ಪಟ್ಟಿ, ಸರದಿಯ ಮೇಲೆ ನಿಲ್ಲುವ ನಾಲ್ಕು ವಿದ್ಯಾರ್ಥಿಗಳು ಇದ್ದರೆ ಸಾಕು. ಐದು ರಸ್ತೆಯಲ್ಲೋ ಯಲ್ಲಾಪುರದ ಹೆದ್ದಾರಿ ಬದಿಯಲ್ಲೋ ಒಂದು ವಾರ ನಿಂತರೆ ದಟ್ಟಣೆ ಯಾರದು ಎಂಬುದಕ್ಕೆ ಅಂಕಿ ಸಿಗುತ್ತದೆ. ನಗರಸಭೆಯ ಬಜೆಟ್ ಸಲಹಾ ಸಭೆಗೆ ಆ ಪಟ್ಟಿ ಹಿಡಿದು ಹೋಗೋಣ. ಬಾಡಿಗೆದಾರರ ಪರವಾಗಿ ಅಲ್ಲಿ ಮಾತಾಡುವವರು ಕಡಿಮೆ. ನಮ್ಮಲ್ಲಿ ಬಹಳಷ್ಟು ಜನ ಇನ್ನೂ ಕೆಲವು ವರ್ಷ ಬಾಡಿಗೆದಾರರಾಗಿಯೇ ಇರುವವರು.