ಅಜ್ಜಿಯ ಮಡಿಲೂ ಮೋಟಾರಿನ ಪಟ್ಟಿಯೂ

ಕಳೆದ ತಿಂಗಳು ತುಮಕೂರಿನಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶವಿದ್ದಿತು. ಬೆಳಗಿನ ಜಾವ ಐದು ಗಂಟೆಗೆಲ್ಲ ನಾವು ಬೆಂಗಳೂರನ್ನು ಬಿಟ್ಟೆವು. ಕಾರು ನನ್ನ ತಂಗಿಯ ಮಗನದು, ನಡೆಸುತ್ತಿದ್ದವನೂ ಅವನೇ. ಅವನ ಪಕ್ಕದಲ್ಲಿ ನಾನು. ಹಿಂದಿನ ಆಸನದಲ್ಲಿ ನನ್ನ ತಂಗಿ, ಅವಳ ಸೊಸೆ, ತಂಗಿಯ ಮಡಿಲಲ್ಲಿ ಹದಿನಾಲ್ಕು ತಿಂಗಳ ಮೊಮ್ಮಗು.

ಹೊರಡುವಾಗಲೇ ಸೊಸೆ ಹೇಳಿದಳು: “ಅತ್ತೆ, ಬೆಲ್ಟು ಹಾಕಿಕೊಳ್ಳಿ.”

“ಹಿಂದೆ ಕೂತವರಿಗೆ ಯಾಕಮ್ಮ ಬೆಲ್ಟು? ಹೊಸ ರೇಷ್ಮೆ ಸೀರೆ, ಸುಕ್ಕಾಗಿಬಿಡುತ್ತೆ. ಮಗುವಿಗೆ ಅಜ್ಜಿಯ ಮಡಿಲಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ?” ಎಂದಳು ನನ್ನ ತಂಗಿ. ಆ ಮಾತಿಗೆ ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ.

ದಾಬಸ್‌ಪೇಟೆ ದಾಟಿದ ಮೇಲೆ ನಾಯಿಯೊಂದು ಥಟ್ಟನೆ ಹೆದ್ದಾರಿಗೆ ಅಡ್ಡ ಬಂದಿತು. ಹುಡುಗ ಬ್ರೇಕನ್ನು ಬಲವಾಗಿ ಒತ್ತಿದ. ಗಾಡಿ ಯಾವುದಕ್ಕೂ ಢಿಕ್ಕಿ ಹೊಡೆಯಲಿಲ್ಲ, ನಾಯಿಯೂ ಉಳಿಯಿತು. ಆದರೆ ಮಗು ಅಜ್ಜಿಯ ತೋಳಿನಿಂದ ಜಾರಿ, ನನ್ನ ಆಸನದ ಬೆನ್ನಿಗೆ ಹಣೆ ತಗುಲಿ ಕಿರುಚಿಕೊಂಡಿತು. ನೆಲ್ಲಿಕಾಯಿ ಗಾತ್ರದ ಬುಗುಟು ಎದ್ದಿತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. “ನಾನು ಬಿಗಿಯಾಗಿಯೇ ಹಿಡಿದಿದ್ದೆ, ಅಣ್ಣ” ಎಂದು ತಂಗಿ ಮತ್ತೆ ಮತ್ತೆ ಹೇಳಿದಳು. ಅವಳು ಹೇಳಿದ್ದು ನಿಜ. ಬಿಗಿಯಾಗಿ ಹಿಡಿದಿದ್ದರೂ ಮಗು ಜಾರಿತೆಂಬುದೇ ನಾವು ಯೋಚಿಸಬೇಕಾದ ವಿಷಯ.

ಗಾಡಿ ನಿಲ್ಲಿಸಿ ಮಗುವನ್ನು ಸಮಾಧಾನಪಡಿಸುತ್ತಿದ್ದಾಗ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹುಡುಗನೂ ಪಟ್ಟಿ ಕಟ್ಟಿರಲಿಲ್ಲ. ಹಾಗಿದ್ದರೂ ಗಾಡಿ ಎಚ್ಚರಿಕೆಯ ಗಂಟೆಯನ್ನೇಕೆ ಬಾರಿಸಲಿಲ್ಲ? ಪಟ್ಟಿಯ ಕೊಂಡಿ ಕೂರಬೇಕಾದ ಗೂಡಿನಲ್ಲಿ ಬೆರಳುದ್ದದ ಲೋಹದ ಬಿಲ್ಲೆಯೊಂದನ್ನು ಸಿಕ್ಕಿಸಿದ್ದ. “ಇಲ್ಲದಿದ್ದರೆ ಟಿಣ್ ಟಿಣ್ ಎಂದು ತಲೆ ತಿನ್ನುತ್ತೆ, ಮಾವ” ಎಂದು ನಾಚಿ ನಕ್ಕ.

ಒಂದೇ ಕಾರಿನಲ್ಲಿ ಒಂದು ಕಡೆ ಪ್ರೀತಿಯ ಅಜ್ಞಾನ, ಇನ್ನೊಂದು ಕಡೆ ಜಾಣತನದ ಅವಿವೇಕ. ಇವೆರಡೂ ನಮ್ಮ ಬಹುಪಾಲು ಮನೆಗಳಲ್ಲಿ ಇರುವುದರಿಂದ ಈ ವಾರದ ಮಾತು ಇದನ್ನೇ ಕುರಿತದ್ದು.

ಗಾಡಿಯು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನೋಣ. ನಮ್ಮ ಊರಿನೊಳಗಿನ ವೇಗವೇ ಇದು. ಯಾರೂ ಇದನ್ನು ಅತಿವೇಗವೆನ್ನುವುದಿಲ್ಲ. ಆದರೆ ಆ ವೇಗದಲ್ಲಿ ಗೋಡೆಗೆ ಬಡಿಯುವುದೂ ಸುಮಾರು 32 ಅಡಿ ಎತ್ತರದ ಮಹಡಿಯಿಂದ ನೆಲಕ್ಕೆ ಬೀಳುವುದೂ ಒಂದೇ. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಗಾಡಿ ನಿಂತರೂ ಒಳಗಿನವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದು ನಿಲ್ಲಬೇಕಾದರೆ, ಹತ್ತು ಕಿಲೋ ತೂಕದ ಮಗುವನ್ನು ತಡೆಯಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಇಪ್ಪತ್ತೈದು ಕಿಲೋದ ಐದಾರು ಅಕ್ಕಿ ಮೂಟೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ತೋಳಲ್ಲಿ ಹಿಡಿಯಬಲ್ಲ ಅಜ್ಜಿ ಯಾವ ಊರಿನಲ್ಲಿದ್ದಾಳೆ? ಅಜ್ಜಿಯಿರಲಿ, ಗರಡಿಯ ಪೈಲ್ವಾನನಿಂದಲೂ ಆಗದು. ಅಜ್ಜಿ ತಾನೂ ಪಟ್ಟಿ ಕಟ್ಟಿರದಿದ್ದರೆ ಅವಳ ದೇಹದ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಮುಂದೆ ಕುಳಿತವರನ್ನು ಹಿಂದಿನಿಂದ ಜಜ್ಜುವುದೂ ಆ ಭಾರವೇ.

ಇದನ್ನು ಮೊದಲು ಅರಿತವರು ಹೇಗೆ ಉಪಾಯ ಮಾಡಿದರೆಂಬುದು ಸ್ವಾರಸ್ಯದ ಕಥೆ. ಗಾಡಿ ಎಷ್ಟು ಗಟ್ಟಿಯೋ ಅಷ್ಟು ಕ್ಷೇಮ ಎಂಬ ನಂಬಿಕೆ ಒಂದು ಕಾಲದಲ್ಲಿ ಎಲ್ಲರಿಗೂ ಇದ್ದಿತು. “ಹಳೆಯ ಕಾರೆಂದರೆ ಕಬ್ಬಿಣ, ಈಗಿನದು ಬರೀ ತಗಡು” ಎಂದು ಹಳಹಳಿಸುವ ಹಿರಿಯರು ಈಗಲೂ ಉಂಟು. ಮರ್ಸಿಡಿಸ್ ಕಾರ್ಖಾನೆಯಲ್ಲಿದ್ದ ಬೇಲಾ ಬಾರೆನಿ ಎಂಬ ಎಂಜಿನಿಯರು ಈ ನಂಬಿಕೆಯನ್ನೇ ತಲೆಕೆಳಗು ಮಾಡಿದ. ಜನ ಕೂರುವ ಭಾಗ ಮಾತ್ರ ಗಟ್ಟಿಯಿರಲಿ. ಮುಂಭಾಗ ಮತ್ತು ಹಿಂಭಾಗ ಅಪಘಾತದಲ್ಲಿ ಮುದುರಿಕೊಂಡು ಏಟನ್ನು ತಾವೇ ನುಂಗಲಿ ಎಂಬುದು ಅವನ ಆಲೋಚನೆ. 1951ರಲ್ಲಿ ಅದಕ್ಕೆ ಪೇಟೆಂಟು ಕೋರಿದ. 1959ರಲ್ಲಿ ಆ ಬಗೆಯ ಕಾರು ರಸ್ತೆಗೆ ಬಂದಿತು. ಮುದುರುವ ಗಾಡಿ ದುರ್ಬಲವಲ್ಲ. ಅದು ತಾನು ಮುದುರಿ ನಮ್ಮನ್ನು ಉಳಿಸುತ್ತದೆ.

ಅದೇ 1959ರಲ್ಲಿ ಸ್ವೀಡನ್ ದೇಶದ ವೋಲ್ವೋ ಕಾರಿಗೆ ಇನ್ನೊಂದು ಸಾಧನ ಸೇರಿತು. ಅದನ್ನು ರೂಪಿಸಿದ ನಿಲ್ಸ್ ಬೋಲಿನ್ ಎಂಬಾತ ಅದಕ್ಕೆ ಮೊದಲು ವಿಮಾನ ತಯಾರಿಕೆಯಲ್ಲಿದ್ದವನು. ಆಪತ್ತಿನಲ್ಲಿ ಚಾಲಕನನ್ನು ಆಸನಸಹಿತವಾಗಿ ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಯಂತ್ರದ ಮೇಲೆ ಕೆಲಸ ಮಾಡಿದ್ದವನು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಆಗಲೇ ಇದ್ದಿತು. ಆದರೆ ಅದು ಎದೆ, ತಲೆಗಳನ್ನು ಕಾಯುತ್ತಿರಲಿಲ್ಲ. ಹೊಟ್ಟೆಯೊಳಗಿನ ಅಂಗಗಳಿಗೂ ಪೆಟ್ಟು ಮಾಡುತ್ತಿದ್ದಿತು. ಬೋಲಿನ್ ಒಂದು ಪಟ್ಟಿಯನ್ನು ಹೆಗಲಿನಿಂದ ಎದೆಯ ಮೇಲೆ ಓರೆಯಾಗಿ ಇಳಿಸಿ, ಇನ್ನೊಂದನ್ನು ಸೊಂಟದ ಮೂಳೆಯ ಮೇಲೆ ಹಾಯಿಸಿ, ಎರಡನ್ನೂ ಪಕ್ಕದಲ್ಲಿ ಒಂದೇ ಕೊಂಡಿಗೆ ಸೇರಿಸಿದ. ಒಂದೇ ಕೈಯಿಂದ ಹಾಕಿ ತೆಗೆಯುವಷ್ಟು ಸರಳ. ಮನುಷ್ಯದೇಹದಲ್ಲಿ ಬಲವಾದ ಎಲುಬುಗಳಿರುವ ಹೆಗಲು, ಎದೆಗೂಡು, ಸೊಂಟ ಇವೇ ಏಟನ್ನು ಹಂಚಿಕೊಳ್ಳುವಂತೆ ಅದು ಮಾಡುತ್ತದೆ. ಪೇಟೆಂಟನ್ನು ಇಟ್ಟುಕೊಂಡು ಹಣ ಗಳಿಸಬಹುದಾಗಿದ್ದ ಆ ಕಂಪೆನಿ, ಬೇರೆ ತಯಾರಕರೂ ಅದನ್ನು ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಇಂದು ನಮ್ಮ ನಿಮ್ಮ ಕಾರುಗಳಲ್ಲಿರುವುದು ಅದೇ ಪಟ್ಟಿ.

ಸಾಧನ ಸಿದ್ಧವಾಯಿತು, ಆದರೆ ಕೊಂಡವರೆಲ್ಲರಿಗೂ ಅದು ದೊರೆಯಬೇಡವೆ? ಅದಕ್ಕೆ ಕಾನೂನು ಬೇಕಾಯಿತು. 1965ರಲ್ಲಿ ಅಮೆರಿಕದ ರಾಲ್ಫ್ ನೇಡರ್ ಎಂಬ ತರುಣ ವಕೀಲ, ಅಪಘಾತಗಳಿಗೆ ಚಾಲಕನೊಬ್ಬನನ್ನೇ ದೂರುವುದು ತಪ್ಪು, ಗಾಡಿಯ ರಚನೆಯೂ ಕೊಲ್ಲುತ್ತದೆ ಎಂದು ಗ್ರಂಥವೊಂದನ್ನೇ ಬರೆದ. ದೊಡ್ಡ ಮೋಟಾರು ಕಂಪೆನಿಯಾದ ಜನರಲ್ ಮೋಟಾರ್ಸ್ ಅವನ ಹಿಂದೆ ಗೂಢಚಾರರನ್ನು ಬಿಟ್ಟಿತು. ಕೊನೆಗೆ ಅದರ ಅಧ್ಯಕ್ಷರೇ 1966ರಲ್ಲಿ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂದು, 1968ರಿಂದ ಹೊಸ ಕಾರುಗಳಲ್ಲಿ ಪಟ್ಟಿ ಕಡ್ಡಾಯವಾಯಿತು.

ಆದರೆ ಕಾರಿನಲ್ಲಿ ಪಟ್ಟಿಯಿರುವುದು ಬೇರೆ, ಅದನ್ನು ಕಟ್ಟಿಕೊಳ್ಳುವುದು ಬೇರೆ. ಪಟ್ಟಿ ಕಟ್ಟದಿದ್ದರೆ ಎಂಜಿನ್ನೇ ಹೊರಡದಂತಹ ಉಪಾಯವನ್ನು ಅಮೆರಿಕನ್ನರು 1974ರ ಮಾದರಿಯ ಕಾರುಗಳಲ್ಲಿ ಅಳವಡಿಸಿದರು. ಜನ ರೇಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಶಾಸನಸಭೆ ಆ ನಿಯಮವನ್ನು ರದ್ದು ಮಾಡಬೇಕಾಯಿತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಬೇರೆ ದಾರಿ ಹಿಡಿಯಿತು: 1970ರ ಡಿಸೆಂಬರಿನಲ್ಲಿ, ಪಟ್ಟಿ ಕಟ್ಟುವುದು ಪ್ರಜೆಯ ಕರ್ತವ್ಯ, ಕಟ್ಟದಿದ್ದರೆ ದಂಡ ಎಂದು ವಿಧಿಸಿತು. ಬ್ರಿಟನ್ ಮುಂದಿನ ಆಸನದವರಿಗೆ 1983ರಲ್ಲಿಯೂ ಹಿಂದೆ ಕೂರುವ ವಯಸ್ಕರಿಗೆ 1991ರಲ್ಲಿಯೂ ಇದನ್ನು ಕಡ್ಡಾಯ ಮಾಡಿತು. ಯಂತ್ರವೊಂದೇ ಸಾಲದು, ಕಾನೂನೊಂದೇ ಸಾಲದು. ಎರಡೂ ಕೂಡಿದ ಮೇಲೆ ನಿಧಾನವಾಗಿ ಅಭ್ಯಾಸ ಬೆಳೆಯುತ್ತದೆಂಬುದು ಈ ಕಥೆಯಿಂದ ತಿಳಿಯುತ್ತದೆ.

ನಮ್ಮಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಪಟ್ಟಿ ಕಟ್ಟದವರಿಗೆ ಒಂದು ಸಾವಿರ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೂ ಅಷ್ಟೇ ದಂಡ. ಹೊಸ ಕಾರುಗಳಲ್ಲಿ ಚಾಲಕನ ಗಾಳಿಚೀಲ, ಪಟ್ಟಿಯ ನೆನಪಿನ ಗಂಟೆ, ವೇಗದ ಎಚ್ಚರಿಕೆ ಇವು 2019ರ ಜುಲೈಯಿಂದ ಕಡ್ಡಾಯವಾದವು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಒಂದಕ್ಕೂ ಒಂದು ನಕ್ಷತ್ರ ಸಹ ದೊರೆಯಲಿಲ್ಲ. 2023ರ ಅಕ್ಟೋಬರಿನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂದಿದೆ. ಕಾರು ಕೊಳ್ಳುವವರು ಬಣ್ಣ, ಮೈಲೇಜುಗಳ ಜೊತೆಗೆ ನಕ್ಷತ್ರ ಎಷ್ಟೆಂದು ಕೇಳುವುದನ್ನೂ ರೂಢಿಮಾಡಿಕೊಂಡರೆ ತಯಾರಕರು ತಾವಾಗಿಯೇ ಎಚ್ಚರಗೊಳ್ಳುವರು.

ಇಷ್ಟಾದರೂ ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನವೊಂದಕ್ಕೆ 460ಕ್ಕೂ ಹೆಚ್ಚು. ಪಟ್ಟಿ ಕಟ್ಟದೆ ಸತ್ತವರು 16,715. ಅವರಲ್ಲಿ 8,331 ಮಂದಿ ಗಾಡಿ ನಡೆಸುತ್ತಿದ್ದವರಲ್ಲ. ಜೊತೆಯಲ್ಲಿ ಕುಳಿತಿದ್ದ ಪಯಣಿಗರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ತೀರಿಕೊಂಡುದು ವಾಚಕರಿಗೆ ನೆನಪಿರಬಹುದು. ಕಾರು ಬೆಲೆಬಾಳುವಂಥದು. ಮುಂದೆ ಕುಳಿತಿದ್ದ ಇಬ್ಬರು ಉಳಿದರು. ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಹಿಂದಿನವರು ಪಟ್ಟಿ ಕಟ್ಟಿರಲಿಲ್ಲವೆಂದು ಪೊಲೀಸರು ಹೇಳಿದರು. “ಹಿಂದೆ ಕೂತವರಿಗೆ ಯಾಕೆ?” ಎಂಬ ನನ್ನ ತಂಗಿಯ ಪ್ರಶ್ನೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ.

ಇನ್ನು ನಮ್ಮ ಹುಡುಗನ ಲೋಹದ ಬಿಲ್ಲೆ. ಅದು ಅವನೊಬ್ಬನ ಆವಿಷ್ಕಾರವಲ್ಲ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಇವುಗಳ ಮಾರಾಟವನ್ನು ನಿಲ್ಲಿಸಲು ಆಜ್ಞೆ ಮಾಡಿತು. ಆಗ ತೆಗೆದುಹಾಕಿದ ಜಾಹೀರು ನಮೂದುಗಳೇ 13,118! ನಮ್ಮನ್ನು ಉಳಿಸಲೆಂದು ತಜ್ಞರು ಮಾಡಿದ ಗಂಟೆಯ ಬಾಯಿ ಮುಚ್ಚಿಸಲು ನಾವು ಕೈಯಿಂದ ಹಣ ಕೊಡುತ್ತೇವೆ. ಗಾಳಿಚೀಲವಿದೆಯಲ್ಲ ಎಂಬ ಧೈರ್ಯವೂ ಸಲ್ಲದು. ಅದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ ಉಬ್ಬುತ್ತದೆ. ಪಟ್ಟಿ ದೇಹವನ್ನು ಹಿಂದಕ್ಕೆ ಹಿಡಿದಿದ್ದರೆ ಮಾತ್ರ ಅದು ದಿಂಬು. ಪಟ್ಟಿಯಿಲ್ಲದೆ ಅದರ ಮೇಲೆ ಮುಗ್ಗರಿಸಿದವನಿಗೆ, ಮುಂದಿನ ಆಸನದಲ್ಲಿ ತಾಯಿಯ ಮಡಿಲಲ್ಲಿ ಕುಳಿತ ಮಗುವಿಗೆ, ಅದೇ ಗುದ್ದಾಗುತ್ತದೆ.

ಕಾರಿಲ್ಲದ ಮನೆಗಳ ಮಾತು ಇದಕ್ಕಿಂತಲೂ ಗಂಭೀರ. 2022ರಲ್ಲಿ ಸತ್ತವರಲ್ಲಿ ಶೇಕಡಾ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು; ಹೆಲ್ಮೆಟ್ ಧರಿಸದೆ ಸತ್ತವರು 50,029. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೆ ಬೆಂಗಳೂರಿನ ಯಾವ ವೃತ್ತದಲ್ಲಿಯಾದರೂ ಐದು ನಿಮಿಷ ನಿಂತು ನೋಡಿ: ಪೊಲೀಸರ ಕಣ್ಣಿಗಾಗಿ ಧರಿಸಿದ ಅರ್ಧ ಬೋಗುಣಿಯಂಥ ಟೋಪಿಗಳೆಷ್ಟು! ಗಲ್ಲದ ಕೆಳಗೆ ಪಟ್ಟಿ ಬಿಗಿಯದವರೆಷ್ಟು! ತಂದೆ ತಾಯಿಗಳಿಗೆ ಹೆಲ್ಮೆಟ್, ನಡುವೆ ನಿಂತ ಮಗುವಿಗೆ ಬರಿಯ ತಲೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟೂ, ಸವಾರನಿಗೆ ಸೇರಿಸಿ ಕಟ್ಟುವ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು ಎಂದು 2022ರಲ್ಲಿ ನಿಯಮವಾಯಿತು. ಅಂತಹ ಪಟ್ಟಿಯನ್ನು ಕಣ್ಣಾರೆ ಕಂಡವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ?

ಗೃಹಿಣಿಯರಿಗೂ ಯಜಮಾನರಿಗೂ ನನ್ನ ಬಿನ್ನಹ ನಾಲ್ಕೇ ಮಾತಿನದು. ಕಾರಿನಲ್ಲಿ ಎಷ್ಟು ಪಟ್ಟಿಗಳಿವೆಯೋ ಅಷ್ಟೇ ಜನ ಕೂರಿ. ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಇರಲಿ. ಬಸುರಿಯರು ಅದನ್ನು ಹೊಟ್ಟೆಯ ಕೆಳಗೆ ಹಾಯಿಸಲಿ, ಬಿಡುವುದು ಬೇಡ. ಹಸುಳೆಗಳಿಗೆ ಹಿಮ್ಮುಖವಾಗಿ ಕೂರಿಸುವ ಮಕ್ಕಳ ಆಸನವನ್ನು ಹಿಂದಿನ ಸೀಟಿನಲ್ಲಿ ಅಳವಡಿಸಿ. ಹೆಲ್ಮೆಟ್ ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳಿ. ನಾಮಕರಣಕ್ಕೆ ಬೆಳ್ಳಿ ಲೋಟ ಉಡುಗೊರೆ ಕೊಡುವ ಸೋದರಮಾವಂದಿರು ಒಮ್ಮೆ ಮಕ್ಕಳ ಆಸನವನ್ನು ಕೊಟ್ಟು ನೋಡಬಾರದೇಕೆ?

ಗೃಹಪ್ರವೇಶದ ಊಟ ಮುಗಿಸಿ ಮರಳಿ ಹೊರಟಾಗ ತಂಗಿ ಮೆಲ್ಲನೆ ಕೇಳಿದಳು: “ಅಣ್ಣ, ಇದನ್ನು ಹೇಗೆ ಹಾಕಿಕೊಳ್ಳೋದು?” ಹುಡುಕಿದರೆ ಕೊಂಡಿಯ ಗೂಡೇ ಕಾಣದು. ಹೊಸ ಕಾರಿನ ಸೀಟು ಕೊಳೆಯಾಗಬಾರದೆಂದು ಹೊದಿಸಿದ್ದ ಹೊದಿಕೆಯ ಕೆಳಗೆ ಅದು ಮೂರು ವರ್ಷದಿಂದ ಹೂತುಹೋಗಿದ್ದಿತು. ಹುಡುಗ ಹೊದಿಕೆಯನ್ನು ಕತ್ತರಿಯಿಂದ ಸೀಳಿ ಅದನ್ನು ಹೊರತೆಗೆದ. ಅವನ ಬಿಲ್ಲೆ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ. ಹೊರಡುವ ಮುಂಚೆ ಅವನು ಪಟ್ಟಿ ಕಟ್ಟಿಕೊಂಡುದನ್ನು ಮಾತ್ರ ನೋಡಿದೆ. ಆ ದಿನ ಮಕ್ಕಳ ಆಸನ ನಮ್ಮಲ್ಲಿರಲಿಲ್ಲ. ದಾರಿಯುದ್ದಕ್ಕೂ ಮೆಲ್ಲಗೆ, ಮೈಯೆಲ್ಲ ಕಣ್ಣಾಗಿ ಬಂದೆವು.

ಮುಂದಿನ ವಾರ ಅದನ್ನೂ ಕೊಂಡರು. ಮಗು ಮೊದಲೆರಡು ದಿನ ಅತ್ತು ರಂಪ ಮಾಡಿತಂತೆ. ಈಗ ಅದರಲ್ಲಿ ಕೂತು ನಿದ್ದೆ ಮಾಡುತ್ತದೆ. ಅಜ್ಜಿ ಪಕ್ಕದಲ್ಲಿ ಪಟ್ಟಿ ಕಟ್ಟಿ ಕುಳಿತು, ಅದರ ಪುಟ್ಟ ಕಾಲಿನ ಮೇಲೆ ಕೈಯಿಟ್ಟುಕೊಂಡಿರುತ್ತಾಳೆ. “ಮಡಿಲು ಬರಿದಾಯಿತು” ಎಂಬ ಕೊರಗು ಅವಳಿಗೆ ಈಗಲೂ ಉಂಟು. ಊರು ಸೇರಿದ ಮೇಲೆ ಮಗುವನ್ನು ಎತ್ತಿಕೊಳ್ಳಲು ಹೊತ್ತು ಬೇಕಾದಷ್ಟಿದೆ ಎಂದು ನಾನು ಹೇಳಿದ್ದೇನೆ.