ರಕ್ತ ಕೊಡ್ತೀವಿ, ಮಾನ ಕೊಡೋದಿಲ್ಲ

ಹಾಸ್ಟೆಲಿನ ಗೆಳೆಯರೇ,

ಬಸುರಿಯ ರಕ್ತ ತೆಗೆಯೋದು ರಕ್ತ ಕಮ್ಮಿ ಇದೆಯಾ ಅಂತ ನೋಡೋಕೆ ಅಂದುಕೊಂಡಿದ್ದೇವೆ. ಅದೇ ರಕ್ತದಲ್ಲಿ ಎಚ್.ಐ.ವಿ. ಇದೆಯೇ, ಸಿಫಿಲಿಸ್ ಅಂದರೆ ಹಳಬರು ಹೇಳುತ್ತಿದ್ದ ಪರಂಗಿ ರೋಗ ಇದೆಯೇ ಅಂತಲೂ ನೋಡಬೇಕು. ಈ ಮಾತು ಎತ್ತಿದರೆ ನಮ್ಮ ಗಂಡಸರು "ಅದು ಹೆಂಗಸರ ವಿಷಯ" ಅಂತ ಎದ್ದು ಹೋಗುತ್ತಾರೆ. ಹೆಂಗಸಿಗೆ ಬಂದದ್ದು ಎಲ್ಲಿಂದ? ಹೆಚ್ಚಿನ ಸಲ ಕಟ್ಟಿಕೊಂಡ ಗಂಡನಿಂದಲೇ.

ಸಿಫಿಲಿಸ್ ಇದ್ದರೂ ತಾಯಿಗೆ ನೋವು, ಹುಣ್ಣು ಏನೂ ಕಾಣದೆ ಇರಬಹುದು. ಹೊಟ್ಟೆಯೊಳಗಿನ ಕೂಸಿಗೆ ಹತ್ತಿದರೆ ಗರ್ಭ ಇಳಿಯಬಹುದು, ಕೂಸು ಒಳಗೇ ಸಾಯಬಹುದು. ಬದುಕಿ ಹುಟ್ಟಿದರೂ ಮೂಳೆ, ಕಣ್ಣು, ಕಿವಿ ಕೆಡಬಹುದು. ನಾವು ಹಣೆಬರಹ ಅಂತ ಮಣ್ಣು ಮಾಡಿ ಬರುತ್ತೇವೆ. ಮದ್ದು ಏನು? ಪೆನಿಸಿಲಿನ್ ಸೂಜಿ. ಹೊಸ ಸೋಂಕಿಗೆ ಒಂದು, ಹಳೆಯದಕ್ಕೆ ವಾರಕ್ಕೊಂದರಂತೆ ಮೂರು. ಎಚ್.ಐ.ವಿ. ಇದ್ದರೂ ಗುಳಿಗೆ ತಪ್ಪದೆ ನುಂಗಿದರೆ ಕೂಸಿಗೆ ಹರಡದಂತೆ ಬಹುತೇಕ ತಡೆಯಬಹುದು.

ಮದ್ದಿದ್ದೂ ಕೊಡದೆ ಕೂತವರೂ ಇದ್ದಾರೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ವೈದ್ಯರು ಸಿಫಿಲಿಸ್ ಇದ್ದ 399 ಕರಿಯ ಗಂಡಸರ ರಕ್ತ ತೆಗೆದರು. ರೋಗದ ಹೆಸರು ಹೇಳಲಿಲ್ಲ, "ಕೆಟ್ಟ ರಕ್ತ" ಅಂದರು. ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಕೊಲ್ಲುತ್ತೆ ಅಂತ ನೋಡುತ್ತ ಕೂತರು. ಹೆಂಡಿರಿಗೂ ಹತ್ತಿತು, ಮಕ್ಕಳೂ ಅದನ್ನು ಹೊತ್ತು ಹುಟ್ಟಿದರು. ಕೆಟ್ಟ ರಕ್ತ! ಈ ಮಾತು ನಮಗೇನು ಹೊಸದೇ?

ಆ ಸಿಟ್ಟಿಗೆ ಪರೀಕ್ಷೆಯೇ ಬೇಡ ಅಂದರೆ ಸಾಯೋದು ನಮ್ಮ ಕೂಸೇ. ಪಕ್ಕದ ಶ್ರೀಲಂಕಾ ಬಸುರಿಯರ ಪರೀಕ್ಷೆಯನ್ನು ಊರೂರಿಗೆ ಮುಟ್ಟಿಸಿತು. ತಾಯಿಯಿಂದ ಮಗುವಿಗೆ ಈ ಎರಡೂ ರೋಗ ಹರಡುವುದನ್ನು ಅದು ನಿಲ್ಲಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿತು. ನಮ್ಮಲ್ಲೂ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಗೊತ್ತಾಗಿದೆ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಬಸುರಿ ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಅವಳಿಗೆ ತಿಳಿಸಿ, ಒಪ್ಪಿಸಿ ಪರೀಕ್ಷೆ ಮಾಡಬೇಕು. ಫಲಿತಾಂಶ ಅವಳಿಗೆ ಅರ್ಥವಾಗುವಂತೆ ಹೇಳಬೇಕು. ರೋಗ ಕಂಡರೆ ತಡವಿಲ್ಲದೆ ಮದ್ದು ಸಿಗಬೇಕು. ಗಂಡನಿಗೂ ಪರೀಕ್ಷೆ, ಮದ್ದು ಆಗಬೇಕು. ಇಲ್ಲದಿದ್ದರೆ ಅವನಿಂದ ಮತ್ತೆ ಹತ್ತುತ್ತೆ. ಹೆಸರು ಹಿಡಿದು ಸಾಲಿನ ಮುಂದೆ ಕೂಗಬಾರದು. ಎಚ್.ಐ.ವಿ. ಇರುವವರ ಗುಟ್ಟು ಬಯಲು ಮಾಡೋದು, ಅವರಿಗೆ ಚಿಕಿತ್ಸೆ ಇಲ್ಲ ಅನ್ನೋದು 2017ರ ಕಾಯಿದೆಗೆ ವಿರುದ್ಧ.

ರಜೆಗೆ ಊರಿಗೆ ಹೋಗ್ತೀರಲ್ಲ, ಅಕ್ಕನಿಗೋ ಅತ್ತಿಗೆಗೋ ಈ ಪರೀಕ್ಷೆ ಇದೆ ಅಂತ ತಿಳಿಸಿ. ಅವರು ಒಪ್ಪಿದರೆ ತಾಯಿ ಕಾರ್ಡ್ ಓದಿ ಹೇಳಿ. ಪರೀಕ್ಷೆ ಆಗಿಲ್ಲದಿದ್ದರೆ ಜೊತೆಗೆ ಹೋಗಿ ಯಾಕೆ ಅಂತ ಕೇಳಿ. ಭಾವನನ್ನೂ ಎಬ್ಬಿಸಿಕೊಂಡು ಹೋಗಿ. ರೋಗ ಬಂದವಳು ನಾಚಬೇಕಾಗಿಲ್ಲ. ಒಂದು ಸೂಜಿಗೆ ಉಳಿಯುವ ಕೂಸನ್ನು ಮಣ್ಣಿಗೆ ಕಳಿಸುವ ವ್ಯವಸ್ಥೆ ನಾಚಬೇಕು.