ಮೆಟ್ಟಿಲ ಕೈಹಿಡಿಗೆ ಬಣ್ಣ ಬಳಿಯೋ ಮುಂಚೆ...

ಮಹಡಿ ಹತ್ತುವಾಗ ನಿಮ್ಮ ಕೈ ತಾನಾಗೇ ಎಲ್ಲಿಗೆ ಹೋಗುತ್ತೆ, ಗಮನಿಸಿದ್ದೀರಾ? ಮೆಟ್ಟಿಲ ಪಕ್ಕದ ಮರದ ಕೈಹಿಡಿಗೆ. ಮನೆಮಂದಿಯೆಲ್ಲ ದಿನಕ್ಕೆ ಹತ್ತು ಸಲ ಮುಟ್ಟುವ, ಯಾರೂ ಒರೆಸದ ವಸ್ತು ಅದು! ಹಬ್ಬ ಬಂದರೆ ಕಿಟಕಿ ಬಾಗಿಲಿಗೆ ಬಳಿದು ಉಳಿದ ಪೇಂಟನ್ನು ಅದಕ್ಕೂ ಸವರಿ ಕೈತೊಳೆದುಕೊಳ್ತೇವೆ. ನನ್ನ ಪ್ರಕಾರ ನಾವು ಮಾಡೋ ದೊಡ್ಡ ತಪ್ಪು ಇದೇ.

ಮಧುಗಿರಿಯ ನಮ್ಮ ಅತ್ತೆ ಮನೆಯಲ್ಲೂ ಹಾಗೇ ಆಗಿತ್ತು. ತೇಗದ ಮೇಲೆ ಹಸಿರು, ಅದರ ಮೇಲೆ ಕಂದು, ಅದರ ಮೇಲೆ ಇನ್ನೊಂದು ಕಂದು. ಬಿಸಿಲಿಗೆ ಎಲ್ಲ ಸಿಪ್ಪೆ ಎದ್ದಿತ್ತು. ಅತ್ತೆ ಸಂಡಿಗೆ ಒಣಗಿಸಲು ಮಾಳಿಗೆ ಹತ್ತುವುದನ್ನೇ ಬಿಟ್ಟರು. ಮಂಡಿನೋವು ಅಂದುಕೊಂಡೆವು. ಒಂದು ದಿನ ಅಂಗೈ ತೋರಿಸಿದರು, ಸಿಬರು ಚುಚ್ಚಿ ಕೀವಾಗಿತ್ತು. "ಹಿಡ್ಕೊಂಡ್ರೆ ಚುಚ್ಚುತ್ತೆ, ಬಿಟ್ರೆ ಬೀಳ್ತೀನಿ, ಏನ್ ಮಾಡ್ಲಮ್ಮ?" ಅಂದರು. ಕಿತ್ತು ಹಾಕಿ ಸ್ಟೀಲ್ ಪೈಪ್ ಹಾಕ್ಸಿ ಅಂದವರೇ ಎಲ್ಲ. ನಾನು ಒಪ್ಪಲಿಲ್ಲ.

ಮೊದಲು ಕೈಹಿಡಿಯನ್ನು ಅಲ್ಲಾಡಿಸಿ ನೋಡಿ. ಪಾವಗಡ, ಶಿರಾ ಕಡೆಯ ಒಣಹವೆಗೆ ಮರ ಕುಗ್ಗಿ ಕೀಲು, ಸ್ಕ್ರೂ ಸಡಿಲಾಗಿರುತ್ತೆ. ಅದನ್ನು ಬಡಗಿಯಿಂದ ಬಿಗಿ ಮಾಡಿಸದೆ ಎಷ್ಟು ಹೊಳಪು ಕೊಟ್ಟರೂ ದಂಡ. ಬಣ್ಣ ಬಳಿಯದ ಬರೀ ಮರವಾಗಿದ್ದರೆ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಎಷ್ಟೋ ಸಲ ಅಷ್ಟಕ್ಕೇ ಮರ ನಗುತ್ತೆ!

ಹಳೇ ಪೇಂಟ್ ಇದ್ದರೆ ಮಾತ್ರ ಎಚ್ಚರ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿತ್ತೋ ಕಣ್ಣಿಗೆ ಕಾಣಲ್ಲ. ಒಣಗಿದ್ದನ್ನೇ ಉಜ್ಜಿದರೆ ಆ ಧೂಳು ನೆಲದ ಮೇಲೆ ಕೂರುತ್ತೆ, ಅಂಬೆಗಾಲಿಡೋ ಮಗು ಕೈ ಬಾಯಿಗಿಟ್ಟುಕೊಳ್ಳುತ್ತೆ. ಸೀಸ ಮಕ್ಕಳ ಮಿದುಳಿಗೇ ಪೆಟ್ಟು. ಆದ್ದರಿಂದ ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಿ. ಕಿಟಕಿಗಳನ್ನೆಲ್ಲ ತೆರೆದು, ಗ್ಲೌಸ್, ಮಾಸ್ಕ್ ಹಾಕಿ, ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಹಸಿಯಾಗೇ ಕೆರೆದು ಪೇಪರ್‌ನಲ್ಲಿ ಸುತ್ತಿ ಕಟ್ಟಿಡಿ. ಚರಂಡಿಗೆ ಬಿಡಬೇಡಿ. ಉಳಿದ ಕಲೆಯನ್ನೂ ಒದ್ದೆ ಮಾಡಿಕೊಂಡೇ ಉಜ್ಜಿ. ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಷ್ಟು ನಿಭಾಯಿಸಕ್ಕಾಗಲ್ಲ ಅನ್ನಿಸಿದರೆ ಕೆಲಸ ಗೊತ್ತಿರುವ ಪಾಲಿಶ್‌ನವರಿಗೆ ಬಿಡಿ. ನಾಚಿಕೆ ಏನಿಲ್ಲ.

ಬಣ್ಣ ಪೂರ್ತಿ ಹೋಗಿ ಮರ ಒಣಗಿದ ಮೇಲೆ ಉಪ್ಪುಕಾಗದ. ಅಂಗಡಿಯಲ್ಲಿ 120, 180, 220 ನಂಬರ್ ಕೇಳಿ. ನಂಬರ್ ಹೆಚ್ಚಿದಷ್ಟೂ ನಯ. ಮರದ ಎಳೆ ಓಡುವ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತೆ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ. ಕೈಹಿಡಿ ಕೆಳಗಿನ ಬದಿಯನ್ನು ಮರೀಬೇಡಿ, ಬೆರಳು ಹಿಡಿಯೋದೇ ಅಲ್ಲಿ. ಅತ್ತೆಗೆ ಚುಚ್ಚಿದ್ದೂ ಅಲ್ಲೇ.

ಇನ್ನು ಎಣ್ಣೆ. ಮಧುಗಿರಿ, ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆಗೇನು ಬರ? ಆದರೆ ದಯವಿಟ್ಟು ಅದನ್ನು ಮರಕ್ಕೆ ಬಳಿಯಬೇಡಿ. ಅದೂ ಕೊಬ್ಬರಿ ಎಣ್ಣೆಯೂ ಒಣಗಲ್ಲ, ಅಂಟಂಟಾಗಿ ಧೂಳು ಹಿಡಿದು ಕಮಟು ನಾರುತ್ತೆ. ಬೇಕಾದ್ದು ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಸಿಗೋ ಬಾಯಿಲ್ಡ್ ಲಿನ್ಸೀಡ್ ಆಯಿಲ್. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಒಂದು ದಿನ ಒಣಗಿಸಿ ಮತ್ತೆ ಹಚ್ಚಿ. ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದೀರಿ, ಜೋಕೆ! ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತೆ, ಮುದ್ದೆಯೊಳಗೆ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಬಿಡಿಸಿ ಬಯಲಲ್ಲಿ ಹರವಿ.

ಫ್ರೆಂಚ್ ಪಾಲಿಶ್ ಚೆಂದ ಅನ್ನೋರಿದ್ದಾರೆ. ಚೆಂದವೇ. ಆದರೆ ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. 2020ರ ಕೊರೊನಾ ಕಾಲದಿಂದ ಮನೆಗೊಂದು ಬಾಟಲಿ ಇರೋ ಸ್ಯಾನಿಟೈಸರ್ ಕೂಡ ಸ್ಪಿರಿಟ್ಟೇ ತಾನೇ? ಅದನ್ನು ಹಚ್ಚಿದ ಹಸಿ ಕೈಯಲ್ಲಿ ಹಿಡಿದರೆ ಪಾಲಿಶ್ ಕಲೆಗಟ್ಟುತ್ತೆ. ಷೋಕೇಸಿಗೆ ಸರಿ, ಕೈಹಿಡಿಗೆ ನನಗಂತೂ ಬೇಡ. ಎಣ್ಣೆಯಾದರೆ ಸವೆದ ಜಾಗಕ್ಕಷ್ಟೇ ವರ್ಷಕ್ಕೊಮ್ಮೆ ಹಚ್ಚಿದರಾಯ್ತು.

ಕಾಲ ನೋಡಿಕೊಳ್ಳಿ. ಕೊರಟಗೆರೆಯಿಂದ ಪಾವಗಡದವರೆಗೆ ಸೆಪ್ಟೆಂಬರ್-ಅಕ್ಟೋಬರ್ ಮಳೆಗಾಲ, ಎಣ್ಣೆ ಬೇಗ ಒಣಗಲ್ಲ. ಶಿವರಾತ್ರಿ ಕಳೆದು ಯುಗಾದಿಯೊಳಗೆ ಮಾಡಿದರೆ ಹಬ್ಬದ ಕೆಲಸವೂ ಮುಗಿಯಿತು.

ನಮ್ಮತ್ತೆ ಈಗ ಸಂಜೆ ಮಾಳಿಗೆ ಹತ್ತಿ, ಬೆಟ್ಟ ನೋಡುತ್ತಾ ಕೂರ್ತಾರೆ. ಇಳಿದು ಬಂದು ಅಂಗೈ ಮೂಸಿ, "ಇನ್ನೂ ಎಣ್ಣೆ ನಾತ ಹೋಗಿಲ್ವಲ್ಲೇ" ಅಂತ ಗೊಣಗ್ತಾರೆ.